ಎರಡಿದ್ದರೆ ಒಂದು

ಮಾರ್ಚ್ 3, ಭಾನುವಾರ. ಬೆಳಿಗ್ಗೆ

ಸಕ್ಕರೆ ಇಲ್ಲದ ಟೀ. ಬೇಯಿಸಿದ ಮೊಟ್ಟೆ. ಸೌತೆಕಾಯಿ. ಇದು ತಿಂಡಿಯಂತೆ! ಇವರು ಎದುರಿಗೇ ಕುಳಿತು ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತಿದ್ದರು, ಗೋಡೆಗೆ ಸುಣ್ಣ ಹೊಡೆದ ಹಾಗೆ. ದುರುಗುಟ್ಟಿ ನೋಡಿದ್ದಕ್ಕೆ, "ನಾನೇನು ಕಿಡ್ನಿ ಕೊಡ್ಬೇಕಾ?" ಅಂತ ಜೋಕು ಬೇರೆ. ಗಂಡನನ್ನು ಕಟ್ಟಿಕೊಂಡ ಮೇಲೆ ಜೋಕನ್ನೂ ಕಟ್ಟಿಕೊಳ್ಳಬೇಕು.

ಡಾಕ್ಟರ್ ಹೇಳಿದ್ದು ಇಷ್ಟು. ತಮ್ಮನಿಗೆ ನನ್ನ ಕಿಡ್ನಿ ಹೊಂದುತ್ತದೆ. ಮನೆಯಲ್ಲಿ ಬೇರೆ ಯಾರದೂ ಹೊಂದಲಿಲ್ಲ. ಆದರೆ ನನ್ನ ಸಕ್ಕರೆ ಗಡಿಯಲ್ಲಿ ನಿಂತಿದೆ, ತೂಕವೂ ಜಾಸ್ತಿ. ಏಪ್ರಿಲ್ ಕೊನೆಗೆ ಮತ್ತೆ ಪರೀಕ್ಷೆ. ಗಡಿ ದಾಟಿದ್ದರೆ ತೆಗೆದುಕೊಳ್ಳುವುದಿಲ್ಲ. ಅಂದರೆ ತಮ್ಮನ ಆಯುಸ್ಸು ಈಗ ನನ್ನ ನಾಲಿಗೆಯ ಮೇಲೆ ಕುಳಿತಿದೆ.

ಮಧ್ಯಾಹ್ನ ಎಲ್ಲರೂ ಬರುತ್ತಾರೆ. ಅಮ್ಮ ಹೋದ ಮೇಲೆ ಭಾನುವಾರದ ಊಟ ನಮ್ಮಲ್ಲೇ. ತಮ್ಮ, ಅವನ ಹೆಂಡತಿ, ಚಿಕ್ಕಮ್ಮ, ಇವರ ಗೆಳೆಯರು ಒಬ್ಬಿಬ್ಬರು. ಒಲೆಯ ಮೇಲೆ ಕೋಳಿ ಕುದಿಯುತ್ತಿದೆ, ಬಾಣಲೆಯಲ್ಲಿ ಆಲೂಗಡ್ಡೆ. ಉಪ್ಪು ನೋಡಲು ಚಮಚ ಬಾಯಿಯ ತನಕ ಹೋಗಿ ವಾಪಸ್ ಬಂತು.

ಅದೇ ದಿನ. ಸಂಜೆ

ಚಿಕ್ಕಮ್ಮ ಕೇಕ್ ತಂದಿದ್ದರು. ನನಗೆ ಸನ್ಮಾನವಂತೆ. "ದೊಡ್ಡ ಮನಸ್ಸು ಕಣೇ ನಿಂದು. ಒಂದು ತುಂಡು ತಿಂದ್ರೆ ಪ್ರಪಂಚ ಮುಳುಗಲ್ಲ, ತಗೋ."

"ಚಿಕ್ಕಮ್ಮ, ಕೇಕ್ ಬೇಕೋ ಕಿಡ್ನಿ ಬೇಕೋ, ಅವನನ್ನೇ ಕೇಳಿ."

ಎಲ್ಲರೂ ನಕ್ಕರು. ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ. ಮೂಲೆಯಲ್ಲಿ ಕುಳಿತು ಐಸ್ ತುಂಡು ಚೀಪುತ್ತಿದ್ದ. ನೀರು ಕುಡಿಯುವಂತಿಲ್ಲ, ಅಳತೆಯ ಮೇಲೆ. ವಾರಕ್ಕೆ ಮೂರು ಸಲ ಮಷೀನಿಗೆ ಕಟ್ಟಿ ರಕ್ತ ತೊಳೆಯುತ್ತಾರೆ. ಮುಖ ಬೂದಿ ಬಣ್ಣ. ನೋಡಿದರೆ ಕರುಳು ಚುರುಕ್ ಎನ್ನುತ್ತದೆ.

ಎಲ್ಲರೂ ಹೋದ ಮೇಲೆ ನನ್ನ ಬೇಯಿಸಿದ ಕೋಸು ತಿನ್ನಲು ಕುಳಿತೆ. ಮೊದಲ ತುತ್ತು ಎತ್ತಿದ್ದೇ ತಡ, ಬೆನ್ನ ಹಿಂದೆ ಅಮ್ಮ — "ತಮ್ಮನಿಗೆ ಇಟ್ಯಾ?"

ತಿರುಗಿದೆ. ಯಾರೂ ಇಲ್ಲ. ಫ್ರಿಜ್ಜಿನ ಸದ್ದು, ಅಷ್ಟೆ.

ಮಾರ್ಚ್ 8, ಶುಕ್ರವಾರ

ಟೈಲರ್ ಅಂಗಡಿಯ ಕೆಲಸದಲ್ಲಿ ಇಡೀ ದಿನ ಆಲ್ಟರೇಷನ್. ಬೇರೆಯವರ ಹೊಲಿಗೆ ಬಿಚ್ಚಿ ಅಗಲ ಮಾಡುವುದು, ನನ್ನದನ್ನು ಬಿಗಿ ಮಾಡಿಕೊಳ್ಳುವುದು. ಕಟಿಂಗ್ ಮಾಸ್ಟರ್ ಕನ್ನಡಕ ಏರಿಸಿ, "ಏನಮ್ಮಾ, ಅರ್ಧ ಆಗೋಗಿದ್ದೀರಾ?" ಎಂದರು.

ತಮಾಷೆಗೆ ಹೇಳಿದ್ದು. ಆದರೂ ಕೈಯಲ್ಲಿದ್ದ ಟೇಪು ಜಾರಿ ಬಿತ್ತು.

ಮತ್ತೆ ಅದೇ ದನಿ ಕೇಳಿಸಿತು. ಟ್ರಯಲ್ ರೂಮಿನ ಪರದೆಯ ಹಿಂದಿನಿಂದ. ಅಮ್ಮನದೊಂದು ಕಾನೂನಿತ್ತು — ಎರಡಿದ್ದರೆ ಒಂದು ತಮ್ಮನಿಗೆ. ಬಿಸ್ಕತ್ತು, ಬಣ್ಣದ ಪೆನ್ಸಿಲ್ಲು, ದಿಂಬು. ಒಂದೇ ಇದ್ದರೆ ಅರ್ಧ. ನಾನು ದೊಡ್ಡವಳಲ್ಲವೇ! ಕೊಟ್ಟೆ, ಕೊಟ್ಟೆ, ಕೊಡುತ್ತಲೇ ಬಂದೆ. ಈಗ ಇದೂ ಎರಡಿದೆ.

ಮಾರ್ಚ್ 13, ಬುಧವಾರ

ಆಸ್ಪತ್ರೆ. ಕೌನ್ಸೆಲರ್ ನನ್ನೊಬ್ಬಳನ್ನೇ ಒಳಗೆ ಕರೆದರು. ಚಿಕ್ಕ ಹುಡುಗಿ, ನನಗೆ ಮಗಳಾಗುವ ವಯಸ್ಸು. ಬಾಗಿಲು ಹಾಕಿ ಬಂದು ಕುಳಿತಳು.

"ಮೇಡಂ, ಯಾರಾದ್ರೂ ಬಲವಂತ ಮಾಡ್ತಿದ್ದಾರಾ?"

"ಛೆ ಛೆ, ಇಲ್ಲಮ್ಮ."

"ಕೊನೇ ನಿಮಿಷದವರೆಗೂ ನೀವು ಬೇಡ ಅನ್ನಬಹುದು. ನನಗೆ ಒಂದು ಫೋನ್ ಮಾಡಿ ಸಾಕು. ಮನೆಯವರಿಗೆ 'ಇವರದು ಆಗಲ್ಲ' ಅಂತಷ್ಟೇ ಹೇಳ್ತೀವಿ. ಕಾರಣ ಯಾರಿಗೂ ಹೇಳಲ್ಲ."

ಅಯ್ಯೋ, ಅಂಥದ್ದೇನೂ ಇಲ್ಲ ಎಂದು ನಕ್ಕು ಎದ್ದು ಬಂದೆ. ಬಸ್ಸಿನಲ್ಲಿ ಬರುವಾಗ ಆ ಮಾತನ್ನೇ ಮೆಲುಕು ಹಾಕುತ್ತಿದ್ದೆ. ಇಳಿಯುವ ಸ್ಟಾಪು ದಾಟಿಹೋಯಿತು.

ಮಾರ್ಚ್ 31, ಭಾನುವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಇಂದು ಬರೆಯದಿದ್ದರೆ ತಲೆ ಸಿಡಿದು ಹೋಗುತ್ತದೆ.

ಊಟಕ್ಕೆ ಒಂಬತ್ತು ಜನ. ಬಡಿಸಿದೆ, ನಕ್ಕೆ, "ಇನ್ನೊಂಚೂರು ಹಾಕಿಸ್ಕೊಳ್ಳಿ, ನಾಚ್ಕೋಬೇಡಿ" ಎಂದು ಎಲ್ಲರ ಜೀವ ತಿಂದೆ. ನನ್ನ ತಟ್ಟೆಯಲ್ಲಿ ಸೊಪ್ಪು. ಇವರ ಗೆಳೆಯರೊಬ್ಬರು, "ಅತ್ತಿಗೆ, ನೀವು ಮೇಯ್ತಾ ಇದ್ದೀರೋ ಊಟ ಮಾಡ್ತಾ ಇದ್ದೀರೋ?" ಎಂದರು. "ಹಾಲು ಕೊಡೋವಾಗ ಗೊತ್ತಾಗತ್ತೆ ಬಿಡಿ" ಎಂದೆ. ಮನೆ ಹಾರಿಹೋಗುವಷ್ಟು ನಗು. ಬಾಯಿಗೇನು ಬರ ಇಲ್ಲ ನನಗೆ.

ಆಮೇಲೆ ಎಲ್ಲರೂ ಹಜಾರದಲ್ಲಿ ಟಿವಿ ನೋಡುತ್ತಿದ್ದರು. ಸಿಂಕಿನ ಮುಂದೆ ನಿಂತಿದ್ದೆ. ಚಿಕ್ಕಮ್ಮ ಬಿಟ್ಟ ಅರ್ಧ ಕೇಕು ತಟ್ಟೆಯಲ್ಲಿತ್ತು. ತಿಂದೆ. ತಮ್ಮನ ಹೆಂಡತಿ ಬಿಟ್ಟದ್ದೂ ತಿಂದೆ. ಎಂಜಲು ತಟ್ಟೆಯಿಂದ, ಕೈಯಿಂದಲೇ, ನಿಂತುಕೊಂಡೇ.

ಹಸಿವು ಎಂದುಕೊಂಡಿದ್ದೆ. ಆಸೆ ಎಂದುಕೊಂಡಿದ್ದೆ. ಅಲ್ಲ. ನುಂಗುವಾಗ ಒಂದು ಯೋಚನೆ ಬಂತು — ಇದರಿಂದ ಸಕ್ಕರೆ ಏರಬಹುದು. ಬಂದ ಕೂಡಲೇ ಎದೆ ಹಗುರವಾಯಿತು. ಹೂಂ, ಹಗುರವಾಯಿತು. ನಾನು ಫೇಲಾಗಲಿ ಎಂದು ತಿನ್ನುತ್ತಿದ್ದೆ.

ಥೂ ನನ್ನ ಜನ್ಮಕ್ಕಿಷ್ಟು.

ಹೆದರಿಕೆ. ಇಲ್ಲಾದರೂ ನಿಜ ಬರೆಯುತ್ತೇನೆ. ಮಲಗಿಸಿದವರು ಎಬ್ಬಿಸದಿದ್ದರೆ? ಉಳಿದ ಒಂದೂ ಕೈಕೊಟ್ಟರೆ? ಅವನು ಸಾಯಬಾರದು. ನಾನೂ ಸಾಯಬಾರದು. ಬಿಸಿ ತುಪ್ಪ — ನುಂಗಲೂ ಆಗದು, ಉಗುಳಲೂ ಆಗದು. ಕೇಕ್ ತಿನ್ನುವಾಗ ಅಮ್ಮನ ದನಿಗಾಗಿ ಕಾದೆ. ಬರಲಿಲ್ಲ. ಸಿಂಕಿನ ಮೇಲಿನ ಕಿಟಕಿಯ ಗಾಜಿನಲ್ಲಿ ನನ್ನ ಮುಖ ಮಾತ್ರ, ತುಟಿಯ ತುಂಬ ಕ್ರೀಮು. ಸುಮ್ಮನಿರುವ ಅಮ್ಮ ಇನ್ನೂ ಭಯಂಕರ.

ಏಪ್ರಿಲ್ 1, ಸೋಮವಾರ

ಸೌತೆಕಾಯಿ. ಮೊಟ್ಟೆ. ಬೆಳಿಗ್ಗೆ ಒಂದು ಗಂಟೆ ನಡಿಗೆ. ಸಂಜೆಯೂ. ಇನ್ನು ತಪ್ಪಿದರೆ ಕೇಳಿ.

ಏಪ್ರಿಲ್ 14, ಭಾನುವಾರ

ಒಂದು ತುಣುಕೂ ಮುಟ್ಟಿಲ್ಲ. ಸ್ಕರ್ಟು ಸೊಂಟದಿಂದ ಜಾರುತ್ತಿದೆ. ಇವರು ಹೆದರಿದ್ದಾರೆ. "ಸಾಕು ಮಾರಾಯ್ತಿ, ನೀನೇ ಪೇಶೆಂಟ್ ಥರ ಕಾಣ್ತಿದ್ದೀಯ." ಈಗ ಬೆಣ್ಣೆಯನ್ನು ಅಡುಗೆಮನೆಯಲ್ಲೇ ಕದ್ದು ಸವರಿಕೊಂಡು ಬರುತ್ತಾರೆ. ಪಾಪ.

ಊಟದ ಹೊತ್ತಿನಲ್ಲಿ ತಮ್ಮ ನನ್ನನ್ನೇ ನೋಡುತ್ತಿದ್ದ. ತಟ್ಟೆಯನ್ನಲ್ಲ, ಮುಖವನ್ನು. ನಾನು ತಲೆ ಎತ್ತಿದರೆ ಬೇರೆ ಕಡೆ ನೋಡುತ್ತಾನೆ.

ಏಪ್ರಿಲ್ 21, ಭಾನುವಾರ

ಇದನ್ನು ಹೇಗೆ ಬರೆಯಲಿ.

ಅಡುಗೆಮನೆಯಲ್ಲಿ ಹಣ್ಣು ಹೆಚ್ಚುತ್ತಿದ್ದೆ. ತಮ್ಮ ಬಂದ. ಬಾಗಿಲು ಮುಂದೆ ಮಾಡಿದ. ಅವನ ಕೈಯಲ್ಲೊಂದು ತಟ್ಟೆ — ಎರಡು ತುಂಡು ಕೇಕು, ಮೇಲೆ ಐಸ್‌ಕ್ರೀಮು ಸುರಿದಿತ್ತು.

"ಕೂತ್ಕೋ ಅಕ್ಕ."

"ಏನೋ ಇದು? ಬುಧವಾರ ಟೆಸ್ಟ್ ಇದೆ."

"ಅದಕ್ಕೇ ತಂದೆ."

ಅರ್ಥವಾಗಲಿಲ್ಲ. ಆಗಲಿಲ್ಲವೋ, ಆಗಬಾರದು ಎಂದುಕೊಂಡೆನೋ. ಅವನೇ ಸ್ಟೂಲು ಎಳೆದುಕೊಂಡು ಕುಳಿತ. ನಾಲ್ಕು ಹೆಜ್ಜೆಗೇ ಉಸಿರು ಕಟ್ಟುತ್ತದೆ ಅವನಿಗೆ.

"ಚಿಕ್ಕವರಿದ್ದಾಗ ಅಮ್ಮ ನಿನ್ನ ಕೈಯಿಂದ ಕಿತ್ತು ಕೊಡಿಸ್ತಿದ್ಲಲ್ಲ... ಕೊಡುವಾಗ ನಿನ್ನ ಮುಖ ಹೇಗಿರ್ತಿತ್ತು ಅಂತ ನಂಗೆ ಚೆನ್ನಾಗಿ ನೆನಪಿದೆ. ಎರಡು ತಿಂಗಳಿಂದ ಅದೇ ಮುಖ ನೋಡ್ತಿದ್ದೀನಿ."

"ಹುಚ್ಚು ಹಿಡಿದಿದ್ಯಾ ನಿಂಗೆ?"

"ಇಲ್ಲ ಅನ್ನೋಕೆ ನಿಂಗೆ ಬಾಯಿ ಬರಲ್ಲಕ್ಕ. ತಿಂದುಬಿಡು. ನಿನ್ನ ಬದಲು ರಿಪೋರ್ಟೇ ಇಲ್ಲ ಅನ್ನತ್ತೆ. ಯಾರೂ ನಿನ್ನ ಬೈಯಲ್ಲ. ಮಷೀನ್ ಇದೆಯಲ್ಲ ನಂಗೆ, ನಡಿಯೋಷ್ಟು ದಿನ ನಡೀಲಿ."

ಚಮಚದಲ್ಲಿ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದ. ಸೂಜಿ ಚುಚ್ಚಿ ಚುಚ್ಚಿ ನರ ಹಗ್ಗದಂತೆ ಉಬ್ಬಿದ ಕೈ. ತಟ್ಟೆ ಕಿತ್ತು ಎಸೆಯಬೇಕಿತ್ತು. ಕೆನ್ನೆಗೆ ಎರಡು ಬಿಗಿಯಬೇಕಿತ್ತು. ಒಡಹುಟ್ಟಿದವಳು ಮಾಡಬೇಕಾದ್ದು ಅದು.

ಬಾಯಿ ತೆರೆದೆ.

ಎಲ್ಲ ತಿನ್ನಿಸಿದ, ಒಂದೊಂದೇ ಚಮಚ. ಅಳುತ್ತಿದ್ದೆ, ನುಂಗುತ್ತಿದ್ದೆ. ತಟ್ಟೆ ಅವನೇ ತೊಳೆದಿಟ್ಟ. ಹೊರಗೆ ಹೋಗಿ ಎಲ್ಲರಿಗೂ ಕೇಳುವಂತೆ, "ಅಕ್ಕ ಏನೂ ಮುಟ್ತಿಲ್ಲ ಕಣ್ರಪ್ಪ, ಯಾರೂ ಒತ್ತಾಯ ಮಾಡ್ಬೇಡಿ" ಎಂದ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಂಥ ಅಕ್ಕ ಯಾರಿಗೆ ಸಿಗ್ತಾರೆ" ಎಂದರು.

ಏಪ್ರಿಲ್ 24, ಬುಧವಾರ

ರಕ್ತ ಕೊಟ್ಟು ಬಂದೆ. ನರ್ಸಿಗೆ ಹೇಳಿಬಿಟ್ಟೆ, ಭಾನುವಾರ ಸಿಹಿ ತಿಂದೆ ಅಂತ. ಅವಳು ಹತ್ತಿ ಒತ್ತುತ್ತಾ ನಕ್ಕಳು. "ಒಂದು ದಿನದ್ದು ಲೆಕ್ಕಕ್ಕಿಲ್ಲ ಮೇಡಂ. ಈ ಟೆಸ್ಟು ಎರಡು ಮೂರು ತಿಂಗಳದ್ದು ನೋಡತ್ತೆ."

ಅಷ್ಟೂ ಸೌತೆಕಾಯಿ ನನ್ನ ವಿರುದ್ಧ ಸಾಕ್ಷಿ ಹೇಳಲು ಸಾಲಾಗಿ ನಿಂತಿವೆ.

ಏಪ್ರಿಲ್ 26, ಶುಕ್ರವಾರ. ಬೆಳಿಗ್ಗೆ ಹನ್ನೊಂದು

ಅಂಗಡಿಗೆ ಹೋಗಲಿಲ್ಲ. ಕೌನ್ಸೆಲರ್ ಫೋನು ಮಾಡಿದಳು. ಸಕ್ಕರೆ ಇಳಿದಿದೆ. ತೂಕ ಸರಿಯಾಗಿದೆ. "ಎಷ್ಟು ಚೆನ್ನಾಗಿ ಪಥ್ಯ ಮಾಡಿದ್ದೀರಿ ಮೇಡಂ! ತಮ್ಮನವರಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?"

ನಾನೇ ಹೇಳುತ್ತೇನೆ ಎಂದೆ.

ಫೋನು ಇಡುವ ಮುಂಚೆ, "ಇವತ್ತು ಸಂಜೆವರೆಗೂ ಆಫೀಸಲ್ಲೇ ಇರ್ತೀನಿ. ಏನಾದ್ರೂ ಹೇಳೋದಿದ್ರೆ..." ಎಂದಳು. ಅವಳಿಗೂ ನನ್ನ ಮುಖ ನೆನಪಿರಬೇಕು.

ಮಧ್ಯಾಹ್ನ

ಅವನೇ ಫೋನು ಮಾಡಿದ. "ಏನಂತಕ್ಕ?"

ಆಗಲ್ಲವಂತೆ ಎಂದೆ. ಸಕ್ಕರೆ ಜಾಸ್ತಿಯಂತೆ ಎಂದೆ. ನಾಲಿಗೆ ಒಂದು ಸಲವೂ ತೊದಲಲಿಲ್ಲ.

ಆ ಕಡೆ ಉದ್ದನೆಯ ಉಸಿರು. "ಹೋಗ್ಲಿ ಬಿಡಕ್ಕ. ನೀನೇನು ಕಮ್ಮಿ ಒದ್ದಾಡಿದ್ಯಾ?" ದನಿ ಸ್ವಲ್ಪ ನಡುಗಿತು. ಸರಿಮಾಡಿಕೊಂಡ. "ಊಟ ಆಯ್ತಾ?"

ಇನ್ನೂ ಇಲ್ಲ ಎಂದೆ.

"ಮಾಡು ಹೋಗು. ಹೊತ್ತಾಯ್ತು. ಹೊಟ್ಟೆ ತುಂಬಾ ಮಾಡು."

ಅನ್ನ ಬಡಿಸಿಕೊಂಡು ಬಂದಿದ್ದೇನೆ. ತಟ್ಟೆ ಪಕ್ಕದಲ್ಲೇ ಇದೆ, ಬರೆಯುತ್ತಿದ್ದೇನೆ. ಕೌನ್ಸೆಲರಿಗೆ ಬೇಡ ಎನ್ನಲು ಇನ್ನೂ ಫೋನು ಮಾಡಿಲ್ಲ, ಸಂಜೆಯ ತನಕ ಹೊತ್ತಿದೆ. ಅವನಿಗೇ ಮತ್ತೆ ಫೋನು ಮಾಡಿ ನಿಜ ಹೇಳಿಬಿಡಬೇಕು. ಹೇಳುತ್ತೇನೆ. ಅನ್ನ ಆರುತ್ತಿದೆ, ಮೊದಲು ಒಂದು ತುತ್ತು. ಒಂದೇ ಒಂದು ತುತ್ತು ತಿಂದು...