ಮೇರಿಯಮ್ಮನ ಹಣೆಗೆ ಕುಂಕುಮ

ಇಟ್ಟಮಡು, ಬೆಂಗಳೂರು
12 ಫೆಬ್ರವರಿ 2025

ನನ್ನಪ್ಪ ಪ್ರಸನ್ನ,

ಹೇಗಿದ್ದೀಯ? ಅರುಣಾಚಲದ ಚಳಿಗೆ ಒಡೆದ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಅದಕ್ಕೂ ಸುಬೇದಾರರೇ ಹೇಳಲಿ ಎಂದು ಕಾಯುತ್ತಿದ್ದೀಯೋ? ನನ್ನ ಉಬ್ಬಸ ಹತೋಟಿಯಲ್ಲಿದೆ. ಫೋನಿರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನೀನು ಫೋನ್ ಮಾಡಿದಾಗೆಲ್ಲ ನಿನ್ನ ಹೆಂಡತಿ ಪಕ್ಕದಲ್ಲೇ ಇರುತ್ತಾಳೆ. ಅವಳೆದುರೇ ಅವಳನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಅತ್ತೆ ಅನ್ನಿಸಿಕೊಂಡ ಮೇಲೆ ಸ್ವಲ್ಪ ಬಿಗಿಯೂ ಬೇಕಲ್ಲ. ಇದನ್ನು ಪೂರ್ತಿ ಓದುವ ತನಕ ಅವಳ ಕ್ಲಾಸಿನ ವಿಷಯದಲ್ಲಿ ಏನೂ ತೀರ್ಮಾನ ಮಾಡಬೇಡ.

ಲತಾಮಣಿ ಆಯಿಲ್ ಪೇಂಟಿಂಗ್ ಕಲಿಯಲು ಹೋಗುವ ಜಯನಗರದ ಕಿಟ್ಟಿ ಮೇಷ್ಟರದು ಹಳೆಯ ಪದ್ಧತಿ. ಹಿಂದಿನ ದೊಡ್ಡವರ ಚಿತ್ರವೊಂದನ್ನು ಗೆರೆ ತಪ್ಪದಂತೆ ನಕಲು ಮಾಡಿ ಮುಗಿಸುವ ತನಕ ಸ್ವಂತದ್ದು ಬರೆಯುವ ಹಾಗಿಲ್ಲ. ಮನೆಯಲ್ಲೇ ಕೂತು ಬರೆಯಲು ಇವಳಿಗೆ ಕೊಟ್ಟದ್ದು ಇಟಲಿಯವನೊಬ್ಬ ನೂರಾರು ವರ್ಷಗಳ ಹಿಂದೆ ಬರೆದ ಮೇರಿಯಮ್ಮ, ತೊಡೆಯ ಮೇಲೆ ಏಸು ಮಗು. ಮೊದಲು ಇಡೀ ಚಿತ್ರವನ್ನು ಬರೀ ಕಂದು ಬಣ್ಣದಲ್ಲಿ ಬರೆದು, ಅದು ಒಣಗಿದ ಮೇಲೆ ತೆಳ್ಳಗೆ ಒಂದೊಂದೇ ಬಣ್ಣ ಏರಿಸಬೇಕಂತೆ. ಆ ಕಂದು ಮಗುವನ್ನು ನೋಡಿ 'ಇದಕ್ಕೆ ಮೊದ್ಲು ಸ್ನಾನ ಮಾಡ್ಸಮ್ಮ' ಎಂದು ನಾನು ನಕ್ಕಿದ್ದೆ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಪಾದ ಸರಿಬರಲಿಲ್ಲವೆಂದು ಪಕ್ಕದ ಮನೆ ಲಕ್ಕವ್ವನ ಮೊಮ್ಮಗನ ಕಾಲನ್ನು ಹಿಡಿದು ನೋಡಿಕೊಂಡು ಬಂದಳು. ತಿಂಗಳುಗಳು ಕಳೆದಂತೆ ಆ ತಾಯಿಯ ಮುಖಕ್ಕೆ ಎಂಥ ಕಳೆ ಬಂತು ಅಂತೀಯ!

ಆ ಕಳೆಯೇ ಎಡವಟ್ಟಿಗೆ ಕಾರಣ. ಹೋದ ತಿಂಗಳು ಒಂದು ಶುಕ್ರವಾರ ದೀಪ ಹಚ್ಚಿ ಬಂದವಳು, ಹಣೆ ಬರಿದಾಗಿದೆಯಲ್ಲ ಎಂದು ಮೇರಿಯಮ್ಮನಿಗೂ ಒಂದು ಚಿಟಿಕೆ ಕುಂಕುಮ ಇಟ್ಟುಬಿಟ್ಟೆ. ಎಣ್ಣೆಬಣ್ಣ ವಾರವಾದರೂ ಹಸಿಯಾಗೇ ಇರುತ್ತದೆಂದು ನನಗೇನು ಗೊತ್ತು? ಕುಂಕುಮ ಕಚ್ಚಿಕೊಂಡಿತು. ಮೇಷ್ಟರ ಶಿಷ್ಯರ ಚಿತ್ರಗಳ ಪ್ರದರ್ಶನ ಹತ್ತಿರದಲ್ಲಿತ್ತು, ಕೆರೆದು ತೆಗೆದು ಹೊಸದಾಗಿ ಬರೆಯಿರಿ ಎಂದರು ಮೇಷ್ಟರು ಫೋನಿನಲ್ಲಿ. ಇವಳು ಬಣ್ಣ ಕಲಸುವ ಚಾಕು ಹಿಡಿದು ನಿಂತವಳು ನಿಂತೇ ಇದ್ದಳು. ನನ್ನ ಮೇಲೆ ಒಂದು ಸಿಡುಕಿಲ್ಲ. 'ಅವ್ರು ಅಷ್ಟು ದೂರ ಗಡೀಲಿರುವಾಗ ನನ್ ಕೈಯಾರೆ ಕುಂಕುಮ ಹೆಂಗ್ ಅಳಿಸ್ಲಿ ಅತ್ತೆ?' ಎಂದಳು. ಅಷ್ಟು ತಿಂಗಳ ಕೆಲಸವನ್ನು ನಿನಗೋಸ್ಕರ ಬಿಟ್ಟುಬಿಡಲು ತಯಾರಾಗಿದ್ದಳು ಕಣೋ. 'ಇಟ್ಟೋಳು ನಾನು, ತೆಗೆಯೋಳೂ ನಾನೇ. ನನ್ ಮಗನ್ನ ಕಾಯೋಕೆ ದೇವ್ರವ್ನೆ, ಈ ಪುಡಿಯಲ್ಲ' ಎಂದು ಚಾಕು ಕಿತ್ತುಕೊಂಡು ನಾನೇ ಕೆರೆದೆ. ಅವತ್ತೇ ಕೂತು ಅವಳು ಆ ಹಣೆಯನ್ನು ಮತ್ತೆ ಬರೆದಳು.

ಹೋದ ಭಾನುವಾರ ಪ್ರದರ್ಶನ. ನಾನು ಮದುವೆಮನೆಗೆ ಉಡುವ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಯಾರೋ ಒಬ್ಬರು ಬಗ್ಗಿ ನೋಡಿ 'ಇದು ಪ್ರಿಂಟ್ ಅಲ್ವಾ?' ಎಂದರು. 'ಅಲ್ಲ ಸಾರ್, ನಮ್ ಸೊಸೆ ಬರ್ದಿದ್ದು' ಎಂದು ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದೆ. ಹೊಗಳುವುದರಲ್ಲಿ ಮಹಾ ಜಿಪುಣರಾದ ಮೇಷ್ಟರು ಆ ಹಣೆಯನ್ನೇ ತೋರಿಸಿ, 'ಬೇರೆದೆಲ್ಲ ನೋಡ್ಕೊಂಡ್ ಬರ್ದಿದೀರ, ಇದನ್ನ ಅರ್ಥ ಮಾಡ್ಕೊಂಡ್ ಬರ್ದಿದೀರ' ಎಂದರು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. ಇನ್ನು ಸ್ವಂತ ಚಿತ್ರ, ಏನು ಬರೆಯುತ್ತೀರಿ ಎಂದು ಅವರು ಕೇಳಿದಾಗ ಮಾತ್ರ ಇವಳು ವೇಲಿನ ತುದಿ ಸುತ್ತುತ್ತ ನಿಂತಳು.

ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿ ಮುಚ್ಚಿಕೊಂಡು ಮಲಗು. ನಿನ್ನ ಜೊತೆಯ ಹುಡುಗರೂ ನನ್ನ ಮಕ್ಕಳೇ, ಎಲ್ಲರೂ ತಣ್ಣಗಿರಿ.

ನಿನ್ನ ಅಮ್ಮ,
ಈಶ್ವರಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆಗೆ ಅಮ್ಮನ ಉಬ್ಬಸ ಜಾಸ್ತಿಯಾಗುತ್ತದೆ, ಈ ತಿಂಗಳಿಗೆ ಕ್ಲಾಸ್ ಸಾಕು ಎಂದು ಪ್ರದರ್ಶನಕ್ಕೆ ಮುಂಚೆ ನೀನು ಫೋನಿನಲ್ಲಿ ಅವಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವಳು ಹೂಂ ಅಂದು ಬ್ರಷ್ ತೊಳೆದು ಕಟ್ಟಿಟ್ಟಿದ್ದಾಳೆ. ನಾನು ಹೂಂ ಅಂದಿಲ್ಲ. ಮಹಡಿ ಮೇಲೆ ನೀರಿನ ಟ್ಯಾಂಕ್ ಪಕ್ಕದ ಕೋಣೆಯನ್ನು ಗುಡಿಸಿಟ್ಟಿದ್ದೇನೆ. ಕಿಟಕಿ ಎರಡಿವೆ, ವಾಸನೆ ಕೆಳಗೆ ಬರುವುದಿಲ್ಲ. ಹಳೇ ಸಾಮಾನು ಇಡಲು ಎಂದು ಅವಳಿಗೆ ಹೇಳಿದ್ದೇನೆ. ಕಾಗದ ಸಿಕ್ಕ ಕೂಡಲೇ ಫೋನ್ ಮಾಡಿ 'ಬಿಡ್ಬೇಡ, ಮುಂದುವರ್ಸು' ಅನ್ನು. ಅಮ್ಮ ಬರೆದಿದ್ದಳು ಎನ್ನಬೇಡ. ನಿನಗೇ ಹಾಗೆ ಅನ್ನಿಸಿತು ಎಂದು ಅವಳು ನಂಬಲಿ.