ಇರುಳಿಯ ಕವಚ

ಹೊಸಮನೆ, ಶಿವಮೊಗ್ಗ
ಮಾರ್ಚ್ ೪, ೨೦೨೫

ಪ್ರೀತಿಯ ಸರಸು,

ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಶಿವರಾತ್ರಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಮೊದಲು ಬೈದು ಮುಗಿಸು, ಆಮೇಲೆ ಮುಂದೆ ಓದು. ಮಗಳು ನವ್ಯಾಳ ಬಾಣಂತನ ಸುಸೂತ್ರವಾಗಿ ಮುಗಿಯಿತೆಂದು ನಂಬಿದ್ದೇನೆ. ಮಗುವಿಗೆ ಏನು ಹೆಸರಿಟ್ಟಿರಿ? ನಿನ್ನ ಯಜಮಾನರು ತ್ರಿವಿಕ್ರಮರಾಯರು ಜಬಲ್ಪುರದಲ್ಲಿ ಆ ಹಸುಗೂಸಿಗೆ ಈಗಲೇ ಶ್ಲೋಕ ಹೇಳಿಕೊಡಲು ಕೂತಿರಬಹುದು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಮ್ಮನೆಯವರಿಗೆ ಮಂಡಿ ನೋವು ಬಿಟ್ಟರೆ ಬೇರೆ ದೂರಿಲ್ಲ, ಮಂಡಿಯ ದೂರು ಮಾತ್ರ ದಿನವೂ ಇದೆ.

ತಡವಾದದ್ದಕ್ಕೆ ಕಾರಣ ಕೇಳಿದರೆ ನಗುತ್ತೀಯ. ನಾನು ಒಬ್ಬ ಬೇಟೆಗಾರ್ತಿಗೆ ಯುದ್ಧಕವಚ ಹೊಲಿಯುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮೋನಿಕಾ ಎಂಬ ಹುಡುಗಿ ಸ್ಕೂಟರಿನ ಸೀಟ್ ಕವರ್ ಹರಿದಿದೆ ಎಂದು ನನ್ನ ಅಂಗಡಿಗೆ ಬಂದಳು. ಊರು ಕುಂಸಿ, ಇಲ್ಲಿ ರವೀಂದ್ರನಗರದಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅಡಿಕೆ ಮರದ ಹಾಗೆ ಎತ್ತರ. ನಾನು ಒಂದು ಬುಲೆಟ್ ಗಾಡಿಯ ಸೀಟಿಗೆ ಫೋಮ್ ಕೂರಿಸಿ ಮೇಲೆ ರೆಕ್ಸಿನ್ ಎಳೆದು ಹೊಲಿಯುವುದನ್ನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದವಳು, "ಆಂಟಿ, ಇದೇ ಥರ ಮನುಷ್ಯರಿಗೂ ಹೊಲೀತೀರಾ?" ಅಂದಳು.

"ಮನುಷ್ಯರ ಮೇಲೆ ಯಾರು ಕೂರ್ತಾರಮ್ಮಾ?" ಅಂದೆ.

ಅವಳು ನಗಲಿಲ್ಲ. ಮೊಬೈಲು ತೆಗೆದು ತಾನೇ ಬಿಡಿಸಿದ ಚಿತ್ರಗಳನ್ನು ತೋರಿಸಿದಳು. ಅವಳು ಬಿಡುವಿನಲ್ಲಿ ಕಥೆ ಬರೆಯುತ್ತಾಳಂತೆ. ಇನ್ನೂರು ಮುನ್ನೂರು ವರ್ಷ ಆದಮೇಲಿನ ಕಥೆ. ಜನ ಬೇರೆ ಬೇರೆ ಗ್ರಹಗಳಲ್ಲಿ ವಾಸವಾಗಿದ್ದಾರೆ, ತಪ್ಪು ಮಾಡಿದವರು ಒಂದು ಗ್ರಹದಿಂದ ಇನ್ನೊಂದಕ್ಕೆ ಪರಾರಿಯಾಗುತ್ತಾರೆ, ಅವರನ್ನು ಹಿಡಿದುಕೊಟ್ಟವರಿಗೆ ಬಹುಮಾನ ಉಂಟು. ಹಾಗೆ ಹಿಡಿಯುವವಳೇ ಇವಳ ನಾಯಕಿ, ಹೆಸರು ಇರುಳಿ. ಅವಳ ಮೈಮೇಲಿನ ಕವಚ ಒಂದೇ ತುಂಡಲ್ಲ. ಭುಜ, ತೋಳು, ಎದೆ, ಬೆನ್ನು, ತೊಡೆ, ಮೊಣಕಾಲು, ಎಲ್ಲ ಬೇರೆ ಬೇರೆ. ಬೇಕಾದ್ದನ್ನು ಜೋಡಿಸಬಹುದು, ಬೇಡದ್ದನ್ನು ಕಳಚಿಡಬಹುದು. ಬೇಕಾದಾಗ ಅವಳು ಕಣ್ಣಿಗೆ ಬೀಳಬಾರದು, ನಡೆದರೆ ಸದ್ದಾಗಬಾರದು. ಫೆಬ್ರವರಿಯಲ್ಲಿ ಇಲ್ಲೇ ಶಿವಮೊಗ್ಗದಲ್ಲಿ ಇಂಥ ವೇಷಗಳ ರಾಜ್ಯಮಟ್ಟದ ಸ್ಪರ್ಧೆ ಇದೆ, ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಿಂದೆಲ್ಲ ಬರುತ್ತಾರೆ, ನನ್ನ ಇರುಳಿಯನ್ನು ಅಲ್ಲಿ ನಿಲ್ಲಿಸಬೇಕು ಎಂದಳು. "ಚಿತ್ರ ಬರ್ಯೋದು ನನಗ್ ಬರತ್ತೆ ಆಂಟಿ, ಹೊಲ್ಯೋದು ಬರಲ್ಲ."

ನನಗೆ ಏನನ್ನಿಸಿತೋ ಸರಸು, ಹೂಂ ಅಂದುಬಿಟ್ಟೆ. ಮೂವತ್ತು ವರ್ಷದಿಂದ ಸೀಟು ಹೊಲಿದಿದ್ದೇನೆ. ನಾನು ಹೊಲಿದದ್ದರ ಮೇಲೆ ಊರೆಲ್ಲ ಕೂತಿದೆ, ಒಬ್ಬರೂ ತಿರುಗಿ ನೋಡಿಲ್ಲ.

ಶುರುಮಾಡಿದ ಮೇಲೆ ತಿಳಿಯಿತು ಕಷ್ಟ ಏನೆಂದು. ಯೋಗ ಮಾಡುವ ಚಾಪೆಗಳನ್ನು ಕತ್ತರಿಸಿ, ಬಿಸಿಗಾಳಿ ಕೊಟ್ಟು ಬಗ್ಗಿಸಿ ತೋಳಿನ ಆಕಾರಕ್ಕೆ ತಂದೆವು. ಮೇಲೆ ಕಪ್ಪು ರೆಕ್ಸಿನ್ ಹೊದಿಸಿದರೆ ದೀಪದ ಕೆಳಗೆ ಫಳಫಳ ಹೊಳೆಯಿತು. ನಮ್ಮನೆಯವರು ನೋಡಿ, "ಇವಳು ಅಡಗಿಕೊಂಡ್ರೆ ಕುಂಸಿಯಿಂದ್ಲೇ ಕಾಣ್ತಾಳೆ" ಅಂದರು. ಮೋನಿಕಾಳ ಮುಖ ಸಣ್ಣಗಾಯಿತು. ಸಿಟ್ಟಿನಿಂದ ಅದನ್ನು ಬಿಚ್ಚಿ ಎಸೆಯುವಾಗ ರೆಕ್ಸಿನ್ನಿನ ಹಿಂಬದಿ ಕಣ್ಣಿಗೆ ಬಿತ್ತು. ಬಟ್ಟೆಯ ಬದಿ, ಹೊಳಪೇ ಇಲ್ಲ, ಬೆಳಕನ್ನೆಲ್ಲ ಕುಡಿದುಬಿಡುವ ಕಪ್ಪು. ಆವತ್ತೇ ತೀರ್ಮಾನ ಮಾಡಿದೆವು. ಪ್ರತಿ ತುಂಡಿಗೂ ಎರಡು ಮುಖ. ಒಂದು ಬದಿ ಬಂಡೆಯ ಬಣ್ಣ, ತಿರುಗಿಸಿ ಹಾಕಿದರೆ ಕತ್ತಲೆ.

ಜೋಡಿಸುವುದಕ್ಕೆ ಮೊದಲು ಚೀಲಕ್ಕೆ ಹಾಕುವ ಅಂಟುಪಟ್ಟಿ ಹಾಕಿದೆ. ಬಿಚ್ಚಿದಾಗಲೆಲ್ಲ ಚರ್ರ್ ಎಂದು ಸದ್ದು. ಆಮೇಲೆ ಬಕಲ್ ಹಾಕಿದೆ, ನಡೆದರೆ ಎತ್ತಿನ ಗೆಜ್ಜೆಯ ಹಾಗೆ ಕಿಣಿಕಿಣಿ. ಕೊನೆಗೆ ಮೋನಿಕಾಳೇ ತನ್ನ ಅಮ್ಮನ ರವಿಕೆ ತಂದು ಟೇಬಲ್ಲಿನ ಮೇಲೆ ಇಟ್ಟು, "ಇದ್ಯಾಕಾಗಬಾರದು?" ಅಂದಳು. ಹುಕ್ಕು, ಕಾಜ. ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡು. ಗ್ರಹದಿಂದ ಗ್ರಹಕ್ಕೆ ಹಾರುವ ಬೇಟೆಗಾರ್ತಿಯ ಕವಚ ರವಿಕೆಯ ಹುಕ್ಕಿನ ಮೇಲೆ ನಿಂತಿತು. ಉಸಿರಿನಷ್ಟೂ ಸದ್ದಿಲ್ಲ.

ಶಿರಸ್ತ್ರಾಣಕ್ಕೆ ಭದ್ರಾವತಿಗೆ ಹೋದೆವು. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿದ್ದ ಚಿನ್ನಮ್ಮ ನೆನಪಿದ್ದಾಳಲ್ಲ, ಚಿಕ್ಕಂದಿನಲ್ಲಿ ನಮಗಿಬ್ಬರಿಗೂ ಮುರುಕು ಕೊಡುತ್ತಿದ್ದ ತಮಿಳಿನವಳು? ಅವಳ ಮಗ ಈಗ ಆಟೋಗಳಿಗೆ ಫೈಬರಿನ ಮಡ್‌ಗಾರ್ಡ್ ಮಾಡುವ ಶೆಡ್ಡು ಇಟ್ಟಿದ್ದಾನೆ. ನಿಮ್ಮ ಮನೆಗೆ ಬೀಗ ಬಿದ್ದಿದೆ ಸರಸು, ಇಡೀ ಸಾಲಿನಲ್ಲಿ ದೀಪ ಹತ್ತುವ ಮನೆ ನಾಲ್ಕೋ ಐದೋ. ಚಿನ್ನಮ್ಮ ಮಾತ್ರ ಹಾಗೇ ಇದ್ದಾಳೆ. ಮಗ ಅಚ್ಚಿನಿಂದ ಶಿರಸ್ತ್ರಾಣ ಎತ್ತಿದ ಕೂಡಲೇ ಅದನ್ನು ತಾನೇ ತಲೆಗೆ ಹಾಕಿಕೊಂಡು, "ಯಶೋಧರಾ ಕಣ್ಣು, ಇದು ಹಾಕ್ಕೊಂಡ್ರೆ ನನ್ ಸೊಸೆ ಬೈಯೋದು ಕೇಳ್ಸಲ್ಲ, ನನಗೂ ಒಂದು ಮಾಡ್ಸು" ಅಂದಳು. ನಿನ್ನನ್ನು ತುಂಬಾ ವಿಚಾರಿಸಿದಳು.

ಹೀಗೆ ಫೆಬ್ರವರಿ ಬಂತು. ಮೋನಿಕಾ ಅದನ್ನು ತೊಟ್ಟು ನಮ್ಮ ಮಹಡಿಯ ಮೇಲೆ ನಡೆದಾಗ ನನಗೆ ಮೈ ಜುಮ್ಮೆಂದಿತು.

ಸ್ಪರ್ಧೆ ಒಂದು ಭಾನುವಾರ. ಬೆಳಿಗ್ಗೆ ಅವಳು ಕುಂಸಿಯಿಂದ ಬರುವಾಗ ದಾರಿಗೆ ನಾಯಿ ಅಡ್ಡ ಬಂದು ಸ್ಕೂಟರ್ ಉರುಳಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಬಲಗಾಲಿನ ಮೂಳೆ ಸೀಳು ಬಿಟ್ಟಿತ್ತು. ನಾವು ಆಸ್ಪತ್ರೆಗೆ ಓಡಿದಾಗ ಪ್ಲಾಸ್ಟರ್ ಹಾಕಿ ಕೂರಿಸಿದ್ದರು. ಅಳುತ್ತಿರಲಿಲ್ಲ. ಅವಳ ತಾಯಿ ವಿಮಲಮ್ಮ ಪಕ್ಕದಲ್ಲಿ ಅಳುತ್ತಿದ್ದರು.

"ಆಂಟಿ, ನೀವೇ ಹಾಕ್ಕೊಳ್ಳಿ" ಅಂದಳು ಮೋನಿಕಾ.

"ತಲೆಗೂ ಏಟು ಬಿತ್ತೇನೇ?" ಅಂದೆ.

"ಹೊಲ್ದೋರೂ ಹಾಕ್ಕೋಬಹುದು ಅಂತ ನಿಯಮದಲ್ಲಿದೆ. ಎಲ್ಲೆಲ್ಲಿ ಏನು ತಿರುಗ್ಸಬೇಕು ಅಂತ ನನಗಿಂತ ನಿಮಗೇ ಗೊತ್ತು."

"ನನಗೆ ಐವತ್ತೆಂಟು ವಯಸ್ಸು ಮಾರಾಯ್ತಿ. ನೀನು ಅಷ್ಟುದ್ದ, ನಾನು ಇಷ್ಟೇ. ಸುತ್ತಳತೇಲಿ ನನ್ನೊಳಗೆ ನಿನ್ನಂಥೋರು ಇಬ್ಬರು ಹಿಡೀತಾರೆ."

"ತುಂಡು ತುಂಡಾಗಿ ಯಾಕೆ ಮಾಡಿದ್ವಿ ಮತ್ತೆ? ಇರುಳಿ ಹೀಗೇ ಇರಬೇಕು ಅಂತ ನಾನೆಲ್ಲೂ ಬರ್ದಿಲ್ಲ."

ನಾನು ನಮ್ಮನೆಯವರ ಮುಖ ನೋಡಿದೆ. ಬೇಡ ಅನ್ನುತ್ತಾರೆ, ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಅವರು ಗಾಡಿಯ ಕೀಲಿ ತೆಗೆದುಕೊಂಡರು. "ಅಂಗಡಿ ಬಾಗ್ಲು ತೆಗೀತೀನಿ, ಬಾ. ಮಿಷನ್ನಿಗೆ ದಾರ ಪೋಣಿಸಿಡ್ತೀನಿ" ಅಂದರು.

ಮೊಣಕಾಲಿನ ಕೆಳಗೆ ಜೋಡಿಸುವ ಬಳೆಯಾಕಾರದ ತುಂಡುಗಳಲ್ಲಿ ಒಂದೊಂದನ್ನು ತೆಗೆದೆ, ಎತ್ತರ ಸರಿಹೋಯಿತು. ಎರಡು ಪಕ್ಕೆಗೂ ಪಟ್ಟಿ ಕೊಟ್ಟು ಅಗಲ ಮಾಡಿದೆ. ತೋಳಿಗೆ ಏನೂ ಮಾಡಬೇಕಾಗಲಿಲ್ಲ. ಬೆನ್ನಿನ ಹುಕ್ಕುಗಳನ್ನು ನಮ್ಮನೆಯವರೇ ಹಾಕಿದರು. ಒರಟು ಬೆರಳು, ಎರಡು ಹುಕ್ಕು ತಪ್ಪು ಕಾಜಕ್ಕೆ ಹಾಕಿ ಮತ್ತೆ ಬಿಚ್ಚಿ ಹಾಕಿದರು. "ಹೆಂಗಿದೀನಿ?" ಅಂದೆ. ಮೇಲಿಂದ ಕೆಳಗೆ ನೋಡಿ, "ಯಾವನೇ ಆಗಲಿ, ಶರಣಾಗೋದು ಒಳ್ಳೇದು" ಅಂದರು.

ಒಳಾಂಗಣ ಕ್ರೀಡಾಂಗಣ ತುಂಬಿಹೋಗಿತ್ತು. ರೆಕ್ಕೆಯವರು, ಕೋಡಿನವರು, ಎರಡಾಳು ಎತ್ತರದ ಯಂತ್ರಮಾನವ, ಮೈತುಂಬ ದೀಪ ಉರಿಯುವ ಒಬ್ಬ ಹುಡುಗ. ಎಲ್ಲ ಎಷ್ಟು ಚೆಂದ ಮಾಡಿದ್ದರು ಅಂತೀಯ. ಮೋನಿಕಾ ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ, ಪ್ಲಾಸ್ಟರ್ ಕಾಲು ಮುಂದೆ ಚಾಚಿ ಕೂತಿದ್ದಳು.

ನನ್ನ ಸರದಿ ಬಂತು. ಕಪ್ಪು ಪರದೆಯ ಮುಂದೆ ಹೋಗಿ ನಿಂತೆ. ಬಂಡೆಯ ಬಣ್ಣದ ಕವಚ, ಮೇಲಿಂದ ಒಂದೇ ದೀಪ. ಮೋನಿಕಾ ಹೇಳಿಕೊಟ್ಟಿದ್ದ ಹಾಗೆ ಎರಡೂ ಕೈ ಮೇಲೆತ್ತಿ ಸುತ್ತ ತಿರುಗಿ ತೋರಿಸಿದೆ. ಎಡದ ತೋಳಿನ ತುಂಡು ಬಿಚ್ಚಿ ತಿರುಗಿಸಿ ಹಾಕಿದೆ, ಎಡಗೈ ಮಾಯವಾಯಿತು. ಜನ ಸ್ವಲ್ಪ ಗುಜುಗುಜು ಅಂದರು. ಬಲಗೈ ಹೋಯಿತು. ಒಂದು ಕಾಲು, ಇನ್ನೊಂದು ಕಾಲು. ಆಗ ಗುಜುಗುಜು ನಿಂತುಹೋಯಿತು. ಗಾಳಿಯಲ್ಲಿ ಒಂದು ಎದೆ, ಒಂದು ತಲೆ ಮಾತ್ರ ನಿಂತಿತ್ತಂತೆ, ಆಮೇಲೆ ವಿಮಲಮ್ಮ ಹೇಳಿದರು. ಎದೆಯ ತುಂಡು ತಿರುಗಿಸಿದೆ. ಪಕ್ಕೆಯ ಹುಕ್ಕು ಕಾಜಕ್ಕೆ ನಿಲುಕುತ್ತಿಲ್ಲ. ಬೆಳಿಗ್ಗೆ ಅವಸರದಲ್ಲಿ ಕೊಟ್ಟ ಪಟ್ಟಿ ಆ ಬದಿಗೆ ಕೂದಲೆಳೆಯಷ್ಟು ಗಿಡ್ಡ. ಇಡೀ ಸಭೆ ನೋಡುತ್ತಿದೆ. ನಾನು ಹೊಟ್ಟೆ ಒಳಗೆಳೆದುಕೊಂಡು, ಹೆರಿಗೆಯಲ್ಲೂ ಹಿಡಿಯದಷ್ಟು ಉಸಿರು ಹಿಡಿದು ಎಳೆದೆ. ಹುಕ್ಕು ಕೂತಿತು. ಶಿರಸ್ತ್ರಾಣದ ಮೇಲಿನ ಹೊದಿಕೆ ಮಗುಚಿದೆ, ಅಲ್ಲಿಗೆ ನಾನಿಲ್ಲ.

"ಎಲ್ಲೋದ್ಲೋ?" ಎಂದು ಯಾರೋ ಹಿಂದಿನಿಂದ ಕೇಳಿದರು.

ಅಲ್ಲಿಂದ ವೇದಿಕೆಯಿಂದ ಕೆಳಕ್ಕೆ ಹಾರುವುದು ಮೋನಿಕಾಳ ಯೋಜನೆ. ನಾನು ಹಾರಿದರೆ ಇನ್ನೊಂದು ಪ್ಲಾಸ್ಟರ್ ಬೇಕಾಗುತ್ತಿತ್ತು. ಪಕ್ಕದ ಮೆಟ್ಟಿಲಿಳಿದು, ಗೋಡೆಯ ಕತ್ತಲಲ್ಲೇ ನಡೆದು ತೀರ್ಪುಗಾರರ ಹಿಂದೆ ಹೋಗಿ ನಿಂತೆ. ಮೂವರೂ ವೇದಿಕೆಯನ್ನೇ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರು. ನಡುವೆ ಕೂತಿದ್ದವರು ದುಶ್ಯಂತ್ ಎಂದು, ಸಿನಿಮಾಗಳಿಗೆ ಕಲಾ ನಿರ್ದೇಶಕರಂತೆ. ಅವರ ಹೆಗಲ ಮೇಲೆ ಕೈಯಿಟ್ಟು, "ಸಿಕ್ಕಿಬಿದ್ರಿ" ಅಂದೆ.

ಆತ ಕುರ್ಚಿಯಿಂದ ಎದ್ದೇಬಿಟ್ಟರು. ದೀಪ ಹಾಕಿದರು. ನಾನು ಶಿರಸ್ತ್ರಾಣ ತೆಗೆದೆ. ಬೆವರಿಗೆ ಕುಂಕುಮ ಹಣೆಯೆಲ್ಲ ಹರಡಿತ್ತು, ತುರುಬು ಬಿಚ್ಚಿ ಬಿದ್ದಿತ್ತು. ಒಳಗಿದ್ದವಳು ಯಾರೋ ಕಾಲೇಜು ಹುಡುಗಿ ಎಂದುಕೊಂಡಿದ್ದ ಜನ ಎದ್ದು ನಿಂತರು ನೋಡು. ಆ ಚಪ್ಪಾಳೆ, ಆ ಶಿಳ್ಳೆ! ಮೋನಿಕಾ ಕುರ್ಚಿಯಲ್ಲೇ ಕುಣಿಯುತ್ತಿದ್ದಳು, ವಿಮಲಮ್ಮ ಅವಳ ಕಾಲು ಹಿಡಿದುಕೊಂಡಿದ್ದರು.

ದುಶ್ಯಂತ್ ಮೈಕಿನಲ್ಲಿ ಕೇಳಿದರು, "ಅಮ್ಮಾ, ಎಲ್ಲ ಬೇರೆ ಬೇರೆ ತುಂಡು ಅಂತೀರಿ. ನಿಜವಾಗ್ಲೂ ಯಾರಿಗೆ ಬೇಕಾದ್ರೂ ಹೊಂದಿಸಬಹುದಾ?"

"ಇವತ್ತು ಬೆಳಿಗ್ಗೆ ತಿಂಡಿ ಹೊತ್ತಿಗೆ ಇದು ಆ ಹುಡುಗಿಯ ಅಳತೇಲಿತ್ತು ಸಾರ್" ಎಂದು ಮೋನಿಕಾಳನ್ನು ತೋರಿಸಿದೆ. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ನಗತೊಡಗಿದರು. ಆಮೇಲೆ ಕೆಳಗಿಳಿದು ಹೋಗಿ ಅವಳ ಹತ್ತಿರ ಕಥೆಯನ್ನೆಲ್ಲ ಕೇಳಿದರು.

ಮೊದಲ ಬಹುಮಾನ ನಮಗೇ. ಇಬ್ಬರ ಹೆಸರನ್ನೂ ಕರೆದರು, "ಮೋನಿಕಾ ಮತ್ತು ಯಶೋಧರಾ" ಎಂದು. ಫಲಕ ಅಂಗಡಿಯಲ್ಲಿ ದಾರದ ಉಂಡೆಗಳ ಪಕ್ಕದಲ್ಲಿದೆ. ಸೀಟ್ ಕವರ್ ಹಾಕಿಸಲು ಬಂದವರೆಲ್ಲ ಇರುಳಿಯ ಫೋಟೋ ತೋರಿಸಿ ಅಂತಾರೆ. ನಮ್ಮನೆಯವರು ಕೇಳದವರಿಗೂ ತೋರಿಸುತ್ತಾರೆ. ಮೋನಿಕಾ ಇರುಳಿಯ ಕಥೆಯನ್ನು ತಿದ್ದುತ್ತಿದ್ದಾಳೆ. ಈಗ ಅವಳ ನಾಯಕಿಗೆ ಐವತ್ತೆಂಟು ವಯಸ್ಸಂತೆ.

ನೀನಿರಬೇಕಿತ್ತು ಸರಸು, ಆ ಹೊತ್ತಿಗೆ ಬೇರೆ ಯಾರೂ ನೆನಪಾಗಲಿಲ್ಲ.

ನವ್ಯಾಳ ಕೂಸು ಹಾಲುಂಡು ಬೆಳೆದು ನಿನ್ನಷ್ಟು ಓದಲಿ, ನನ್ನಷ್ಟು ಧೈರ್ಯ ಮಾಡಲಿ. ನವ್ಯಾಳಿಗೆ ಬೆಚ್ಚಗಿರಲು ಹೇಳು. ರಾಯರಿಗೆ ನಮಸ್ಕಾರ. ನಿನಗೆ ನನ್ನ ಅಪ್ಪುಗೆ.

ನಿನ್ನ ಎಂದಿನ
ಯಶೋಧರಾ

ಮತ್ತೆ: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಇದನ್ನು ಹೇಳಲೆಂದೇ ಕಾಗದ ಹಿಡಿದದ್ದು. ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ನನ್ನ ಎಡಮೊಲೆ ತೆಗೆದರು. ಗಂಟು ಇತ್ತು, ನೀನು ಊಹಿಸುವ ಕಾಯಿಲೆಯೇ. ಆಗ ನೀನು ನಿಮ್ಮ ಅತ್ತೆಯ ಆರೈಕೆಯಲ್ಲಿ ಬಸವಳಿದಿದ್ದೆ, ಬರೆಯಲು ಮನಸ್ಸಾಗಲಿಲ್ಲ. ಆಮೇಲೆ ಹೇಗೆ ಬರೆಯಬೇಕೆಂದೇ ತಿಳಿಯಲಿಲ್ಲ. ಅಂದಿನಿಂದ ನಾಲ್ಕು ಜನರೆದುರು ಸೆರಗು ಸರಿಪಡಿಸಿಕೊಳ್ಳದೆ ನಾನು ನಿಂತದ್ದೇ ಇಲ್ಲ, ಆ ಭಾನುವಾರ ಬಿಟ್ಟು. ಮೇ ತಿಂಗಳಲ್ಲಿ ಮತ್ತೆ ತಪಾಸಣೆಗೆ ಕರೆದಿದ್ದಾರೆ. ನಮ್ಮನೆಯವರು ಬಾಗಿಲವರೆಗೆ ಬರುತ್ತಾರೆ, ಅದರಾಚೆ ಗಂಡಸರನ್ನು ಬಿಡುವುದಿಲ್ಲ. ನೀನು ಬರುತ್ತೀಯಾ?