ಶುಕ್ರವಾರದ ಆದಿತ್ಯವಾರ

ಹಮ್ದಾನ್ ಸ್ಟ್ರೀಟ್, ಅಬುಧಾಬಿ
15-5-2015, ಶುಕ್ರವಾರ

ಪ್ರೀತಿಯ ತಾನ್ಯಾ,

ನಿನ್ನ ಕೆಮ್ಮು ಹೇಗಿದೆ? ಮಮ್ಮಿ ಕಟ್ಟಿಕೊಟ್ಟ ಕಷಾಯದ ಪುಡಿ ಸೂಟ್‌ಕೇಸಿನ ತಳದಲ್ಲೇ ಬಿದ್ದಿರಬೇಕು. ಅದು ಇಟಲಿಯದ್ದಲ್ಲವಲ್ಲ, ನೀನು ಮುಟ್ಟುವುದಿಲ್ಲ. ನಾವಿಬ್ಬರೂ ಆರೋಗ್ಯ, ನನ್ನ ಮೊಣಕಾಲು ಮಾತ್ರ ಎಂದಿನ ಹಾಗೆ. ನಿನ್ನ ಇಮೇಲ್ ಸಿಕ್ಕಿತು. ದುಬೈ ಕಾಲೇಜಿನವರು ಒಂದು ಸೆಮಿಸ್ಟರಿಗೆಂದು ಕಳಿಸಿದವಳು, ಇನ್ನೂ ಆರು ತಿಂಗಳು ಇಟಲಿಯ ಆ ಪೆರುಜಾದಲ್ಲೇ ಉಳಿಯಲೇ ಎಂದು ಕೇಳಿದ್ದೀಯ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಸಿಟ್ಟು ಅರ್ಧಕ್ಕರ್ಧ ಇಳಿದುಹೋಗುತ್ತದೆ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಜ್ಜಿಯ ಜೊತೆಗಿದ್ದು ಕಿನ್ನಿಗೋಳಿಯ ಶಾಲೆಗೆ ಹೋದ ಎರಡು ವರ್ಷ ಸುಳ್ಳಾಗದಿದ್ದರೆ ಓದಿಕೋ. ನಾಲ್ಕೇ ತಿಂಗಳಲ್ಲಿ ಇಟಾಲಿಯನ್ ಕಲಿತ ಮಹಾಪಂಡಿತೆಗೆ ಇದೇನು ಕಷ್ಟವಲ್ಲ. ಮಮ್ಮಿ ಇದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾಳೆ.

ಅಲ್ಲಿ 'ಲೋಕಲ್ ಕಲ್ಚರ್' ಎಂಬ ಪಾಠವಿದೆ, ಅದಕ್ಕೆ ಮಾರ್ಕು ಬೇರೆ ಇದೆ ಎಂದು ಬರೆದಿದ್ದೀಯ. ಸಂಜೆಯಾದರೆ ಊರಿನವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಒಂದೇ ಬೀದಿಯಲ್ಲಿ ಸುಮ್ಮನೆ ಆಚೆಯಿಂದ ಈಚೆಗೆ ನಡೆಯುತ್ತಾರಂತೆ, ನೀವೂ ಅವರ ಹಿಂದೆ ನಡೆದು ನಾಲ್ಕು ಪುಟ ಬರೆಯಬೇಕಂತೆ. ಮಗಳೇ, ನಮ್ಮ ಕಿಟಕಿಯ ಕೆಳಗೆ ಮರುದಿನ ಶುಕ್ರವಾರ ರಜೆಯೆಂದು ಪ್ರತಿ ಗುರುವಾರ ಸಂಜೆ ಸಾವಿರ ಗಂಡಸರು ಸೆಂಟು ಹಾಕಿಕೊಂಡು ಹೀಗೇ ನಡೆಯುತ್ತಾರೆ. ಅವರನ್ನು ಕಂಡರೆ ನೀನು ಪರದೆ ಎಳೆಯುತ್ತಿದ್ದೆ. ಇನ್ನು ಆ ಹಿಟ್ಟಿನ ಫೋಟೋ. ನೀನಿರುವ ಮನೆಯ ಮುದುಕಿ ಪಾಸ್ತಾದ ಹಿಟ್ಟು ನಾದುವುದು ಕಲಿಸಿದಳು, ಜನ್ಮ ಸಾರ್ಥಕವಾಯಿತು ಎಂದೆಲ್ಲ ಬರೆದುಕೊಂಡಿದ್ದೀಯ. ಇಪ್ಪತ್ತೆರಡು ವರ್ಷದಿಂದ ಹೋಟೆಲಿನ ಇಟಾಲಿಯನ್ ಅಡುಗೆಮನೆಯಲ್ಲಿ ಅದೇ ಹಿಟ್ಟನ್ನು ನಾದುತ್ತಿರುವವನು ನಿನ್ನ ಅಪ್ಪ. ಟೇಬಲ್ಲಿಗೆ ಹೋಗಿ ಕೈಕುಲುಕುವವನು ಮಿಲಾನಿನ ಶೆಫ್, ಒಳಗೆ ಬೆವರುವವರು ನಾನು ಮತ್ತು ಕಾಸಿಂ. ನೀನು ಒಂದು ದಿನವಾದರೂ 'ಡ್ಯಾಡಿ, ತೋರಿಸಿ' ಎಂದದ್ದುಂಟೇ? ಹಿತ್ತಲ ಗಿಡ ಮದ್ದಲ್ಲ, ಬಿಡು.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಇಗರ್ಜಿಯ ಕಥೆ. ಮೊದಲ ವಾರ ಅಭ್ಯಾಸಬಲದಿಂದ ಶುಕ್ರವಾರ ಬೆಳಿಗ್ಗೆ ಹೊಸ ಫ್ರಾಕ್ ಹಾಕಿಕೊಂಡು ಅಲ್ಲಿಯ ಚರ್ಚಿಗೆ ಪೂಜೆಗೆ ಹೋದೆಯಂತೆ, ಒಳಗೆ ಕಸ ಗುಡಿಸುವವಳು ನಿನ್ನನ್ನು ನೋಡಿ ಯಾರು ತೀರಿಕೊಂಡರು ಎಂದು ಕೇಳಿದಳಂತೆ. ಇಲ್ಲಿಯವರೆಗೆ ನಾನೂ ನಕ್ಕೆ. ಆದರೆ ಅದನ್ನು ತರಗತಿಯಲ್ಲಿ ಹೇಳಿ, 'ನಮ್ಮಲ್ಲಿ ಆದಿತ್ಯವಾರ ಶುಕ್ರವಾರ ಬರುತ್ತದೆ' ಎಂದು ಎಲ್ಲರನ್ನೂ ನಗಿಸಿ, 'ನಮ್ಮಲ್ಲಿ ಅಂದರೆ ಎಲ್ಲಿ?' ಎಂದು ಟೀಚರ್ ಕೇಳಿದಾಗ 'ನನಗೆ ಹಾಗೆ ಊರು ಅಂತ ಯಾವುದೂ ಇಲ್ಲ' ಎಂದೆಯಲ್ಲ, ಅಲ್ಲಿಗೆ ನನ್ನ ನಗು ನಿಂತಿತು. ಅವರಿಗೆ ಅದು ಬಹಳ ಆಳವಾದ ಮಾತು ಎನಿಸಿತಂತೆ. ಅವರ ಆಳ ಅಷ್ಟೇ. ನೀನು ಹುಟ್ಟಿದ್ದು ಇಲ್ಲಿ, ಮೊದಲ ಪರಮಪ್ರಸಾದ ಸ್ವೀಕರಿಸಿದ್ದು ಇಲ್ಲಿ, ಅದೂ ಶುಕ್ರವಾರ. ಈ ದಿನವೂ ಒಳಗೆ ಜಾಗವಿಲ್ಲದೆ ಅಂಗಳದ ಬಿಸಿಲಿನಲ್ಲಿ ನಿಂತು ಧ್ವನಿವರ್ಧಕದಲ್ಲಿ ಪ್ರವಚನ ಕೇಳಿ ಬಂದೆವು. ಪಕ್ಕದಲ್ಲಿ ಫಿಲಿಪಿನೋ ನರ್ಸುಗಳು, ಹಿಂದೆ ಮಲಯಾಳಿ ಡ್ರೈವರುಗಳು. ಗ್ರೇಸಿ ಆಂಟಿ ನಿನ್ನನ್ನು ವಿಚಾರಿಸಿ, 'ಇಟೆಲಿಗೆ ಹೋದವಳು ಪೋಪರನ್ನು ನೋಡಿದ್ಳಾ?' ಎಂದರು. ಪಾಸ್ತಾ ನೋಡಿದ್ದಾಳೆ ಎಂದೆ. ಎರಡು ಸಾವಿರ ಜನ ರಜೆಯ ದಿನ ನೋಡಿ ದೇವರ ವಾರವನ್ನೇ ಬದಲಿಸಿಕೊಂಡು ಬದುಕುತ್ತಿರುವುದು ನಿನಗೆ ಸಂಸ್ಕೃತಿಯಾಗಿ ಕಾಣಲಿಲ್ಲ, ತಮಾಷೆಯಾಗಿ ಕಂಡಿತು. ಅಲ್ಲಿ ಏನು ಕಲಿಸುತ್ತಾರೋ ನನಗೆ ತಿಳಿಯದು. ನೀನು ಇನ್ನೂ ಆರು ತಿಂಗಳು ಅದನ್ನೇ ಕಲಿಯಬೇಕೆಂದರೆ ಭಯವಾಗುತ್ತದೆ.

ಊಟ ಸರಿಯಾಗಿ ಮಾಡು. ರಾತ್ರಿ ಜಪಮಾಲೆ ಹಿಡಿದು ತೇರ್ಸ್ ಮಾಡುವಾಗ ನಿನ್ನ ಹೆಸರು ಹೇಳಿಯೇ ಮುಗಿಸುತ್ತೇವೆ. ನಮ್ಮಿಬ್ಬರ ಆಶೀರ್ವಾದ ನಿನ್ನ ತಲೆಯ ಮೇಲಿರಲಿ, ತಲೆಯೊಳಗೂ ಸ್ವಲ್ಪ ಇಳಿಯಲಿ.

ನಿನ್ನ ಡ್ಯಾಡಿ,
ಮಾರ್ಸೆಲ್

ತಾ.ಕ.: ಮಮ್ಮಿ ಇದನ್ನು ಓದಿ, 'ಬೈದದ್ದೆಲ್ಲ ಉಂಟು, ಹೇಳ್ಬೇಕಾದ್ದು ಎಲ್ಲುಂಟು ಮಾರಾಯ್ರೆ?' ಎಂದಳು. ಹೇಳುತ್ತೇನೆ. ಹೋಟೆಲಿನವರು ನಮ್ಮ ಅಡುಗೆಮನೆ ಮುಚ್ಚುತ್ತಿದ್ದಾರೆ. ಜೂನ್ ಮೂವತ್ತಕ್ಕೆ ನನ್ನ ವೀಸಾ ಖಲಾಸ್. ನಿನ್ನದೂ ಮಮ್ಮಿಯದೂ ನನ್ನ ಹೆಸರಿನಲ್ಲೇ ಇರುವುದರಿಂದ ಅದಕ್ಕೂ ಮೊದಲೇ ಕ್ಯಾನ್ಸಲ್ ಆಗಬೇಕು. ನೀನು ಉಳಿಯುವುದಾದರೆ ಉಳಿ, ತಡೆಯುವುದಿಲ್ಲ. ಆದರೆ ಜೂನ್ ಇಪ್ಪತ್ತರ ಒಳಗೆ ಒಮ್ಮೆ ಮನೆಗೆ ಬಂದು ಹೋಗು. ಆಮೇಲೆ ಅಬುಧಾಬಿಗೆ ಬರಬೇಕಾದರೆ ವಿಸಿಟ್ ವೀಸಾ ಬೇಕು, ಫಾರ್ಮಿನಲ್ಲಿ ಯಾರ ಮನೆಗೆ ಎಂದು ಕೇಳುತ್ತಾರೆ. ಬರೆಯಲು ನಮ್ಮವರು ಯಾರೂ ಇಲ್ಲಿ ಇರುವುದಿಲ್ಲ.